ಆರತಕ್ಷತೆಯ ವೇದಿಕೆಗೆ ಕೇಕೇ ಆಗಬೇಕೆ?

ಜಗಳೂರು ಸೀಮೆಯ ಮದುವೆಗಳಲ್ಲಿ ಯಾವ ಸಿಹಿ ಮಾಡಿಸಬೇಕೆಂಬ ಪ್ರಶ್ನೆಯೇ ಹಿಂದೆ ಏಳುತ್ತಿರಲಿಲ್ಲ. ಅನುಕೂಲಸ್ಥರ ಮನೆಯಲ್ಲಿ ಹೋಳಿಗೆ, ಸಾಧಾರಣ ಸ್ಥಿತಿಯವರ ಮನೆಯಲ್ಲಿ ಗೋಧಿ ಹುಗ್ಗಿ ಅಥವಾ ಶಾವಿಗೆ ಪಾಯಸ, ಪಟ್ಟಣದ ಸಂಪರ್ಕ ಬೆಳೆದ ಮೇಲೆ ಬೂಂದಿ ಲಾಡು. ಪಂಕ್ತಿಯಲ್ಲಿ ಕುಳಿತ ಕಟ್ಟಕಡೆಯ ಮನುಷ್ಯನ ಎಲೆಗೂ ಅದು ಬರುತ್ತಿತ್ತು. ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಇದಕ್ಕೊಂದು ಹೊಸ ಸೇರ್ಪಡೆಯಾಗಿದೆ. ಆರತಕ್ಷತೆಯ ವೇದಿಕೆಯ ಮೇಲೆ ಬಿಳಿಯ ಬಟ್ಟೆ ಹೊದಿಸಿದ ಮೇಜು, ಅದರ ಮೇಲೆ ಮೂರು ಅಂತಸ್ತಿನ ಕೇಕು, ರಿಬ್ಬನ್ನು ಕಟ್ಟಿದ ಚಾಕು. ವಧೂವರರು ಜೊತೆಯಾಗಿ ಕತ್ತರಿಸುತ್ತಾರೆ, ಒಬ್ಬರಿಗೊಬ್ಬರು ತಿನ್ನಿಸುತ್ತಾರೆ, ಛಾಯಾಗ್ರಾಹಕನು ಇನ್ನೊಮ್ಮೆ ತಿನ್ನಿಸಿ ಎನ್ನುತ್ತಾನೆ. ಗೆಳೆಯರು ಮಿಕ್ಕ ಕ್ರೀಮನ್ನು ಮದುಮಗನ ಮುಖಕ್ಕೆ ಬಳಿಯುವುದೂ ಉಂಟು. ಅನ್ನವನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಬೆಳೆದ ಹಿರಿಯರು ಆ ಹೊತ್ತಿನಲ್ಲಿ ಮುಖ ತಿರುಗಿಸಿಕೊಳ್ಳುವುದನ್ನು ಅನೇಕರು ಕಂಡಿರಬಹುದು.

ಇದು ಬರೀ ಅಭಿರುಚಿಯ ಮಾತಾಗಿದ್ದರೆ ಲೇಖನ ಬರೆಯುವ ಅಗತ್ಯವಿರಲಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಜಗಳೂರು ತಾಲ್ಲೂಕು ಬರಕ್ಕೆ ಹೆಸರಾದ ನಾಡು. ಶೇಂಗಾ, ಮೆಕ್ಕೆಜೋಳ, ರಾಗಿಯನ್ನು ಮಳೆಯ ಕೃಪೆಯಿಂದ ಬೆಳೆಯುವ ಒಕ್ಕಲು ಮನೆಗಳೇ ಇಲ್ಲಿ ಹೆಚ್ಚು. ಇಂತಹ ಮನೆಯಲ್ಲಿ ಹೆಣ್ಣುಮಗಳ ಮದುವೆಯೆಂದರೆ ಎರಡು ಮೂರು ವರ್ಷಗಳ ಫಸಲಿನ ಮಾತು. ಮಂಟಪ, ಬಟ್ಟೆ, ಬಂಗಾರ, ಊಟ ಎಲ್ಲವನ್ನೂ ಲೆಕ್ಕ ಹಾಕಿ, ಸಾಲ ಎಷ್ಟಾಯಿತೆಂದು ಕೂಡಿಟ್ಟ ಮೇಲೆ, ಬೀಗರ ಕಡೆಯಿಂದ ಒಂದು ಮಾತು ಬರುತ್ತದೆ: “ಹುಡುಗನ ಸ್ನೇಹಿತರು ಬರುತ್ತಾರೆ, ಒಂದು ಕೇಕು ಇಟ್ಟರೆ ಶೋಭೆ.” ಶೋಭೆಗೆ ಒಲ್ಲೆ ಎನ್ನುವ ಧೈರ್ಯ ಹೆಣ್ಣು ಹೆತ್ತವರಿಗೆ ಎಲ್ಲಿಂದ ಬರಬೇಕು? ಒಟ್ಟು ವೆಚ್ಚದಲ್ಲಿ ಕೇಕಿನ ಬಾಬು ಸಣ್ಣದೇ ಇರಬಹುದು. ಆದರೆ ಕೈಯಲ್ಲಿದ್ದ ಹಣವೆಲ್ಲ ಮುಗಿದ ಮೇಲೆ ಬರುವ ಬಾಬು ಅದಾದ್ದರಿಂದ, ಅದು ಬಡ್ಡಿಯ ಹಣದಿಂದಲೇ ತೀರಬೇಕಾಗುತ್ತದೆ.

ಐದು ಕೆ.ಜಿ. ಕೇಕಿನ ಲೆಕ್ಕ

ಬೇಕರಿಯ ದರ ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬೇರೆಯಾಗುವುದರಿಂದ ರೂಪಾಯಿಯ ಲೆಕ್ಕವನ್ನು ಇಲ್ಲಿ ಕೊಡುವುದಿಲ್ಲ. ತೂಕದ ಲೆಕ್ಕವನ್ನು ಮಾತ್ರ ನೋಡೋಣ. ಒಬ್ಬರಿಗೆ 50 ಗ್ರಾಮಿನ ತುಂಡು ಎಂದರೆ ಎರಡು ತುತ್ತು. ಹಾಗೆ ಕತ್ತರಿಸಿದರೆ ಒಂದು ಕೆ.ಜಿ. ಕೇಕಿಗೆ 20 ತುಂಡುಗಳು, ಐದು ಕೆ.ಜಿ.ಗೆ ನೂರು. ಆರತಕ್ಷತೆಗೆ ಎಂಟು ನೂರು ಜನ ಬಂದರೆ ಏಳು ನೂರು ಜನರಿಗೆ ಕೇಕಿನ ರುಚಿ ತಿಳಿಯುವುದಿಲ್ಲ. ಎಲ್ಲರಿಗೂ ಕೊಡಬೇಕೆಂದರೆ 40 ಕೆ.ಜಿ. ಬೇಕು. ಅಷ್ಟನ್ನು ತರಿಸುವವರು ನಮ್ಮಲ್ಲಿ ಎಷ್ಟು ಮಂದಿ? ಅಂದಮೇಲೆ ವೇದಿಕೆಯ ಕೇಕು ನೋಡುವುದಕ್ಕಾಗಿ ಇಟ್ಟದ್ದೇ ಹೊರತು ಉಣಬಡಿಸುವುದಕ್ಕಾಗಿ ತಂದದ್ದಲ್ಲ. ಮೂರು ಅಂತಸ್ತಿನ ಕೇಕಿನಲ್ಲಿ ಕೆಳಗಿನ ಒಂದೆರಡು ಅಂತಸ್ತುಗಳು ಥರ್ಮಾಕೋಲಿನವಾಗಿದ್ದು, ಅದರ ಮೇಲೆ ಕ್ರೀಮು ಮೆತ್ತಿರುವ ಸಂದರ್ಭಗಳೂ ಅನೇಕ. ಅಲಂಕಾರಕ್ಕೆಂದು ಅದನ್ನು ಬಾಡಿಗೆಯಂತೆ ಪ್ರತ್ಯೇಕ ಲೆಕ್ಕ ಹಾಕುವ ಅಂಗಡಿಗಳೂ ಇವೆ.

ಹವಾಮಾನದ ಮಾತನ್ನೂ ಮರೆಯುವಂತಿಲ್ಲ. ನಮ್ಮ ಮದುವೆಗಳು ಹೆಚ್ಚಾಗಿ ನಡೆಯುವುದು ಬೇಸಗೆಯಲ್ಲಿ. ದೊಡ್ಡ ಅಲಂಕಾರದ ಕೇಕು ಬೇಕೆಂದರೆ ದಾವಣಗೆರೆಯಿಂದ 45-50 ಕಿಲೋಮೀಟರ್ ದೂರ ತರಬೇಕು. ಚೈತ್ರ ವೈಶಾಖದ ಬಿಸಿಲಿನಲ್ಲಿ ಜೀಪಿನ ಹಿಂಬದಿಯಲ್ಲಿ ಕುಳಿತು ಬಂದ ಕ್ರೀಮು ಮಂಟಪ ಮುಟ್ಟುವ ಹೊತ್ತಿಗೆ ಹೇಗಿರುತ್ತದೆಂಬುದನ್ನು ಅನುಭವಿಗಳು ಬಲ್ಲರು.

ಬಿಳಿಯ ಕೇಕಿನ ಪೂರ್ವಕಥೆ

ಮದುವೆಗೆ ಕೇಕು ಕತ್ತರಿಸುವ ಪದ್ಧತಿ ಇಂಗ್ಲೆಂಡಿನ ಸಿರಿವಂತರ ಮನೆಗಳಿಂದ ಹರಡಿದ್ದು. 1840ರಲ್ಲಿ ವಿಕ್ಟೋರಿಯಾ ರಾಣಿಯ ವಿವಾಹಕ್ಕೆ ಸಿದ್ಧವಾದ ದೊಡ್ಡ ಬಿಳಿಯ ಕೇಕು ಆ ದೇಶದಲ್ಲೆಲ್ಲ ಮಾತಾಯಿತು. ಆ ಕಾಲದಲ್ಲಿ ಅಚ್ಚ ಬಿಳಿಯ ಸಕ್ಕರೆ ದುಬಾರಿ ವಸ್ತು. ಬಿಳಿ ಬಣ್ಣವೇ ಐಶ್ವರ್ಯದ ಗುರುತು. ಆ ಬಿಳಿಯ ಹೊದಿಕೆ ಸಕ್ಕರೆ ಪುಡಿಯನ್ನು ಮೊಟ್ಟೆಯ ಬಿಳಿಯ ಭಾಗದೊಡನೆ ಕಡೆದು ಮಾಡಿದುದೆಂಬುದನ್ನು ನಮ್ಮ ಓದುಗರು ಗಮನಿಸಬೇಕು.

ಆ ದೇಶದವರಿಗೇ ಅದು ಕೈಗೆಟುಕದ ಕಾಲವೂ ಬಂದಿತು. ಎರಡನೆಯ ಮಹಾಯುದ್ಧದ ವೇಳೆ ಸಕ್ಕರೆಗೆ ಪಡಿತರ ಬಂದು, 1940ರಲ್ಲಿ ಅಲ್ಲಿನ ಸರ್ಕಾರ ಕೇಕಿನ ಮೇಲೆ ಸಕ್ಕರೆಯ ಲೇಪ ಹಾಕುವುದನ್ನೇ ನಿಷೇಧಿಸಿತು. ಆಗ ಅಲ್ಲಿಯ ಜನ ರಟ್ಟಿನಿಂದಲೂ ಸುಣ್ಣದ ಗಾರೆಯಂತಹ ಪ್ಲಾಸ್ಟರಿನಿಂದಲೂ ಮಾಡಿದ ಅಂತಸ್ತಿನ ಪೊಳ್ಳು ಕೇಕನ್ನು ಬಾಡಿಗೆಗೆ ತಂದು, ಅದರೊಳಗೆ ಮನೆಯಲ್ಲಿ ಮಾಡಿದ ಸಣ್ಣ ಕೇಕನ್ನು ಮುಚ್ಚಿಟ್ಟು ಮದುವೆ ಮುಗಿಸಿದರು. ಅವರಿಗೆ ಯುದ್ಧದ ಒತ್ತಾಯವಿತ್ತು. ನಮಗೆ ಯಾವ ಒತ್ತಾಯವಿದೆಯೋ ತಿಳಿಯದು.

ಎಲ್ಲ ಪಾಶ್ಚಾತ್ಯರೂ ಬಿಳಿಯ ಕೇಕನ್ನೇ ಕತ್ತರಿಸುತ್ತಾರೆಂದು ತಿಳಿಯುವುದೂ ಸರಿಯಲ್ಲ. ಫ್ರಾನ್ಸಿನಲ್ಲಿ ನಿಂಬೆಹಣ್ಣಿನ ಗಾತ್ರದ ಟೊಳ್ಳು ಉಂಡೆಗಳನ್ನು ಸಕ್ಕರೆ ಪಾಕದಿಂದ ಒಂದಕ್ಕೊಂದು ಅಂಟಿಸಿ ಗೋಪುರದಂತೆ ಏರಿಸುತ್ತಾರೆ. ನಾರ್ವೆಯಲ್ಲಿ ಬಾದಾಮಿ ಹಿಟ್ಟಿನ ಬಳೆಗಳನ್ನು ದೊಡ್ಡದರ ಮೇಲೆ ಚಿಕ್ಕದಿಟ್ಟು ಶಿಖರ ಮಾಡುತ್ತಾರೆ. ತಮ್ಮ ನೆಲದಲ್ಲಿ ದೊರೆಯುವುದನ್ನು, ತಮ್ಮ ಕೈಗೆ ಬರುವುದನ್ನು ಎತ್ತರಕ್ಕೆ ಜೋಡಿಸಿದರೆ ಅದೇ ಅವರಿಗೆ ಮದುವೆಯ ಸಿಹಿ.

ನಮ್ಮ ಮನೆಗಳಿಗೆ ಮೊಟ್ಟೆಯ ಪ್ರಶ್ನೆ ಬೇರೆಯೇ ಇದೆ. ಹಾಸನದ ಕಡೆಯಿಂದ ಹೊರಟ ಅಯ್ಯಂಗಾರ್ ಕುಟುಂಬಗಳು ನಾಡಿನಾದ್ಯಂತ ಬೇಕರಿಗಳನ್ನು ತೆರೆದ ಮೇಲೆ ಮೊಟ್ಟೆಯಿಲ್ಲದ ಕೇಕು ಎಂಬ ಮಾತು ಪರಿಚಿತವಾಯಿತು. ಆದರೂ ಕೇಳದೆ ಕೊಳ್ಳುವುದು ತರವಲ್ಲ. ಪೊಟ್ಟಣದಲ್ಲಿ ಬರುವ ತಿನಿಸಿಗೆ ಹಸಿರು ಚುಕ್ಕೆ ಅಥವಾ ಕಂದು ತ್ರಿಕೋನದ ಗುರುತು ಇರುತ್ತದೆ. ಮೊಟ್ಟೆ ಸೇರಿದ್ದರೆ ಕಂದು ಗುರುತೇ ಇರಬೇಕೆಂಬುದು ನಿಯಮ. ಬಿಡಿಯಾಗಿ ಮಾಡಿಸಿದ ಕೇಕಿಗೆ ಅಂತಹ ಗುರುತಿರುವುದಿಲ್ಲ. ಮೇಲಿನ ಅಲಂಕಾರದಲ್ಲಿ ಪ್ರಾಣಿಜನ್ಯವಾದ ಜೆಲಾಟಿನ್ ಸೇರುವುದುಂಟು. ಹಾಲಿನ ಕೆನೆಯೆಂದು ನಾವು ತಿಳಿದದ್ದು ಅನೇಕ ವೇಳೆ ವನಸ್ಪತಿ ಕೊಬ್ಬಿನ ನೊರೆ. ದೀಕ್ಷೆ ಪಡೆದ ಹಿರಿಯರಿಗೆ ತುಂಡನ್ನು ಕೈಗಿಟ್ಟು, ಅವರು ತಿನ್ನಲೂ ಆಗದೆ ಬಿಡಲೂ ಆಗದೆ ಕುಳಿತಿರುವಂತೆ ಮಾಡುವುದು ಆತಿಥ್ಯವೆನಿಸದು.

ಭೂಮದ ತಟ್ಟೆ ಎಲ್ಲಿ ಹೋಯಿತು?

ಕೇಕು ಕತ್ತರಿಸುವುದರಲ್ಲಿ ಯುವಜನರಿಗೆ ಇಷ್ಟವಾಗುವುದು ಕೇಕಿಗಿಂತ ಹೆಚ್ಚಾಗಿ ಆ ಗಳಿಗೆ. ಇಬ್ಬರೂ ಕೈಗೂಡಿಸಿ ಒಂದು ಕೆಲಸ ಮಾಡುವುದು, ಎಲ್ಲರೆದುರು ಒಬ್ಬರಿಗೊಬ್ಬರು ತುತ್ತು ಕೊಡುವುದು, ಸುತ್ತಲಿದ್ದವರು ನಗುವುದು. ಆ ಆಸೆ ತಪ್ಪೇನಲ್ಲ. ಆದರೆ ಅದೇ ಗಳಿಗೆ ನಮ್ಮ ಮದುವೆಯಲ್ಲಿ ಮೊದಲಿನಿಂದಲೂ ಇದೆ. ಭೂಮದ ಊಟವೆಂದು, ಕೆಲವೆಡೆ ಬುವ್ವವೆಂದು ಕರೆಯುವುದು ಅದನ್ನೇ. ದೊಡ್ಡ ತಟ್ಟೆಯಲ್ಲಿ ಹೋಳಿಗೆ, ತುಪ್ಪ, ಹಾಲು, ಹಣ್ಣು, ಮಾಡಿದ ಎಲ್ಲ ಭಕ್ಷ್ಯಗಳನ್ನು ಬಡಿಸಿ, ವಧೂವರರೊಡನೆ ಎರಡೂ ಕಡೆಯ ಹತ್ತಿರದವರು ಸುತ್ತ ಕುಳಿತು ಉಣ್ಣುತ್ತಾರೆ. ಮದುಮಗಳು ಒಡಪು ಹೇಳಿ ಗಂಡನ ಹೆಸರು ಹಿಡಿಯಬೇಕು, ಮದುಮಗನು ಅವಳಿಗೆ ತುತ್ತು ತಿನ್ನಿಸಬೇಕು. ಒಡಪು ತಡವಾದರೆ ಅತ್ತಿಗೆ ನಾದಿನಿಯರು ಬಿಡುತ್ತಾರೆಯೇ?

ಈಗ ಈ ಶಾಸ್ತ್ರ ಮಂಟಪದ ಊಟದ ಕೋಣೆಯ ಮೂಲೆಯಲ್ಲಿ ಮೂರನೆಯ ಪಂಕ್ತಿಯ ಗದ್ದಲದ ನಡುವೆ ಅವಸರದಲ್ಲಿ ಮುಗಿದುಹೋಗುತ್ತದೆ. ಅದನ್ನು ಆರತಕ್ಷತೆಯ ವೇದಿಕೆಗೆ ತಂದರೆ ಖರ್ಚು ಒಂದು ಪೈಸೆಯೂ ಹೆಚ್ಚುವುದಿಲ್ಲ. ತಟ್ಟೆಯ ನಡುವೆ ಬಟ್ಟಲಗಲದ ಒಂದು ದೊಡ್ಡ ಹೋಳಿಗೆಯನ್ನಿಟ್ಟು ಇಬ್ಬರೂ ಕೂಡಿ ಮುರಿಯಲಿ. ಛಾಯಾಗ್ರಾಹಕನಿಗೆ ಬೇಕಾದ ಚಿತ್ರವೂ ಸಿಗುತ್ತದೆ, ಅಜ್ಜಿಗೆ ಬೇಕಾದ ಒಡಪೂ ಕೇಳಿಸುತ್ತದೆ.

ಶೇಂಗಾ ಉಂಡೆಯ ಗೋಪುರ

ಬಂದವರ ಕೈಗೆ ಕೊಡಲು ಏನಾದರೂ ಬೇಕಲ್ಲವೇ ಎಂದರೆ, ನಮ್ಮ ಸೀಮೆಗೆ ಶೇಂಗಾ ಉಂಡೆಗಿಂತ ಯೋಗ್ಯವಾದದ್ದು ಕಾಣೆ. ಬೀಜ ಮನೆಯ ಹೊಲದ್ದೇ ಇರುತ್ತದೆ. ಒಂದು ಕೆ.ಜಿ. ಬೀಜಕ್ಕೆ ಮುಕ್ಕಾಲು ಕೆ.ಜಿ. ಬೆಲ್ಲ, ನಾಲ್ಕಾರು ಏಲಕ್ಕಿ. 30 ಗ್ರಾಮಿನಂತೆ ಕಟ್ಟಿದರೆ ಸುಮಾರು 50 ಉಂಡೆಗಳಾಗುತ್ತವೆ. ಎಂಟು ನೂರು ಜನರಿಗೆ 16 ಕೆ.ಜಿ. ಬೀಜ, 12 ಕೆ.ಜಿ. ಬೆಲ್ಲ. ಸಿಪ್ಪೆಸಹಿತ ಕಾಯಿಯಾದರೆ 23-24 ಕೆ.ಜಿ. ಬೇಕಾದೀತು. ಬೆಲ್ಲದ ಇಂದಿನ ದರದಿಂದ 12ನ್ನು ಗುಣಿಸಿ, ಶೇಂಗಾ ಕೊಳ್ಳುವವರು ಅದರ ದರವನ್ನೂ ಸೇರಿಸಿ, ಐದು ಕೆ.ಜಿ. ಕೇಕಿಗೆ ಬೇಕರಿಯವರು ಹೇಳಿದ ಮೊತ್ತದ ಪಕ್ಕದಲ್ಲಿಟ್ಟು ನೋಡಿರಿ. ಒಂದು ಎಂಟು ನೂರು ಬಾಯಿಗೆ, ಇನ್ನೊಂದು ನೂರು ಬಾಯಿಗೆ ಎಂಬುದನ್ನು ಮಾತ್ರ ಮರೆಯಬೇಡಿ.

ಮಾಡುವ ಕ್ರಮ ಗೃಹಿಣಿಯರಿಗೆ ಹೊಸತಲ್ಲ. ಆದರೂ ದೊಡ್ಡ ಪ್ರಮಾಣದಲ್ಲಿ ಮಾಡುವಾಗ ಕೆಲವು ಎಚ್ಚರಿಕೆ ಅಗತ್ಯ. ಮೊದಲು ಬೀಜವನ್ನು ಮೊರದಲ್ಲಿ ಹರಡಿ ಸುಕ್ಕುಗಟ್ಟಿದ್ದನ್ನು, ಬೂಷ್ಟು ಹಿಡಿದದ್ದನ್ನು ತೆಗೆದು ಬಿಸಾಡಬೇಕು. ಹುರಿದರೂ ಬೂಷ್ಟಿನ ವಿಷ ಪೂರ್ತಿಯಾಗಿ ಹೋಗುವುದಿಲ್ಲ. ಸಣ್ಣ ಉರಿಯಲ್ಲಿ, ಬಾಣಲೆಗೆ ಎರಡು ಕೆ.ಜಿ.ಗಿಂತ ಹೆಚ್ಚು ಸುರಿಯದೆ ಹುರಿಯಬೇಕು. ಆರಿದ ಮೇಲೆ ತಿಕ್ಕಿ ಸಿಪ್ಪೆ ಕೇರಿ, ಮುಕ್ಕಾಲು ಭಾಗವನ್ನು ಬೆಲ್ಲದೊಡನೆ ಸಣ್ಣಗೆ ಪುಡಿ ಮಾಡಿ, ಉಳಿದದ್ದನ್ನು ತರಿಯಾಗಿ ಕುಟ್ಟಿ ಸೇರಿಸಿದರೆ ಬೀಜದ ಎಣ್ಣೆಯೇ ಉಂಡೆಯನ್ನು ಹಿಡಿದು ನಿಲ್ಲಿಸುತ್ತದೆ. ನೀರು, ಹಾಲು ತಾಕಿಸಬಾರದು. ಎಂಟು ಜನ ಹೆಂಗಸರು ಕುಳಿತರೆ ಕಟ್ಟುವುದು ಒಂದು ಮಧ್ಯಾಹ್ನದ ಕೆಲಸ. ಶೇಂಗಾ ಒಗ್ಗದವರು ಕೆಲವರಿರುತ್ತಾರೆ. ಅವರಿಗಾಗಿ ಪುಟಾಣಿ ಹಿಟ್ಟಿನ ತಂಬಿಟ್ಟನ್ನೋ ನವಣೆ ಹಿಟ್ಟಿನ ಉಂಡೆಯನ್ನೋ ಪ್ರತ್ಯೇಕ ತಟ್ಟೆಯಲ್ಲಿ ಇಡುವುದು ಒಳ್ಳೆಯದು.

ವೇದಿಕೆಗೆ ಎತ್ತರ ಬೇಕೆನ್ನುವವರು ಅಂಚಿರುವ ಚೌಕ ತಟ್ಟೆಯಲ್ಲಿ ಸಾಲಿಗೆ ಏಳರಂತೆ 49 ಉಂಡೆಗಳನ್ನು ಜೋಡಿಸಿ, ಅವುಗಳ ನಡುವಣ ಕುಳಿಗಳಲ್ಲಿ ಕೂರುವಂತೆ 36, ಅದರ ಮೇಲೆ 25, ಹೀಗೆ ಏರಿಸುತ್ತ ಹೋದರೆ ಏಳನೆಯ ಅಂತಸ್ತಿಗೆ ಒಂದೇ ಉಂಡೆ ಉಳಿಯುತ್ತದೆ. ಒಟ್ಟು 140. ಅಂಟು ಬೇಕಿಲ್ಲ, ತಾನಾಗಿ ನಿಲ್ಲುತ್ತದೆ. ಎತ್ತರ ಸುಮಾರು ಒಂದು ಗೇಣು. ಮಣೆಯ ಮೇಲಿಟ್ಟು ಸುತ್ತ ಮಲ್ಲಿಗೆ ಹಾರ ಹಾಕಿದರೆ ಕಣ್ಣಿಗೂ ತುಂಬುತ್ತದೆ. ಶಿಖರದಲ್ಲಿ ಇಡಲು ಇನ್ನೊಂದು ವಸ್ತು ನಮ್ಮ ಅಟ್ಟದ ಮೇಲೆಯೇ ಇದೆ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವ ಮರದ ಅಚ್ಚುಗಳನ್ನು ಇಟ್ಟುಕೊಂಡ ಮನೆಗಳಲ್ಲಿ ಆನೆ, ತೇರು, ಗೋಪುರದ ಆಕಾರಗಳಿರುತ್ತವೆ. ಹಾಲು ಹಾಕಿ ಕೊಳೆ ತೆಗೆದ ಸಕ್ಕರೆ ಪಾಕವನ್ನು ಕಟ್ಟಿದ ಅಚ್ಚಿಗೆ ಹೊಯ್ದು ಆರಿಸಿ ಬಿಡಿಸಿದರೆ ಹಾಲುಬಿಳುಪಿನ ತೇರು ಸಿದ್ಧ. ವಿಕ್ಟೋರಿಯಾ ರಾಣಿಯ ಕೇಕಿನ ಬಿಳುಪಿಗೆ ಇದು ಕಡಿಮೆಯದಲ್ಲ, ಮೊಟ್ಟೆಯ ಸೋಂಕೂ ಇದಕ್ಕಿಲ್ಲ.

ಹೋಳಿಗೆಯನ್ನೇ ಎಲ್ಲರಿಗೂ ಬಡಿಸಬೇಕೆನ್ನುವವರಿಗೆ ಒಂದು ಮಾತು. ಒಂದು ಕೆ.ಜಿ. ಕಡಲೆಬೇಳೆಗೆ ಒಂದು ಕೆ.ಜಿ. ಬೆಲ್ಲದ ಹೂರಣದಿಂದ ಮಧ್ಯಮ ಗಾತ್ರದ 40ರಿಂದ 50 ಹೋಳಿಗೆಗಳು ಬರುತ್ತವೆ. ಬೇಳೆ ಬಸಿದ ಕಟ್ಟು ಸಾರಿಗಾಗುವುದರಿಂದ ಯಾವುದೂ ನಷ್ಟವಿಲ್ಲ. ಆದರೆ ತಟ್ಟಿ ಬೇಯಿಸುವ ಕೂಲಿ ಹೆಚ್ಚು, ಕೈಗಳು ಹೆಚ್ಚು ಬೇಕು. ದೊಡ್ಡ ಸಂಖ್ಯೆಗೆ ಗೋಧಿ ಹುಗ್ಗಿ ಸುಲಭ: ಕುಟ್ಟಿ ತೌಡು ತೆಗೆದ ಒಂದು ಕೆ.ಜಿ. ಗೋಧಿಗೆ ಅಷ್ಟೇ ತೂಕದ ಬೆಲ್ಲ, ಸ್ವಲ್ಪ ಕೊಬ್ಬರಿ, ಗಸಗಸೆ. 35-40 ಜನರಿಗೆ ಸಾಕು. ಇಬ್ಬರು ಅಡುಗೆಯವರು ಒಂದು ಕೊಪ್ಪರಿಗೆಯ ಮುಂದೆ ನಿಂತರೆ ಊರಿಗೇ ಬಡಿಸಬಹುದು.

ಮುಯ್ಯಿ ಎಂಬ ಉಪಾಯ

ಹಣದ ಹೊರೆಯನ್ನು ಇಳಿಸುವ ಇನ್ನೊಂದು ದಾರಿಯಿದೆ. ಅದೂ ನಮ್ಮದೇ. ಮದುವೆಯ ಮನೆಗೆ ಬಂಧುಗಳು ಅಕ್ಕಿ, ಬೆಲ್ಲ, ಬೇಳೆ, ಕಾಯಿ ಹೊತ್ತು ಬರುತ್ತಿದ್ದುದೇ ಮೂಲದ ಮುಯ್ಯಿ. ಈಗ ಅದು ಲಕೋಟೆಯಲ್ಲಿನ ನೋಟಾಗಿ, ಪಾತ್ರೆ ಸಾಮಾನಾಗಿ ಮಾರ್ಪಟ್ಟಿದೆ. ಉಪಯೋಗಕ್ಕೆ ಬಾರದ ಆರನೆಯ ಗೋಡೆ ಗಡಿಯಾರಕ್ಕೆ ಬದಲು, ಹತ್ತಿರದ ಹದಿನಾರು ಮನೆಗಳವರು ತಲಾ ಒಂದು ಕೆ.ಜಿ. ಬೀಜದ ಉಂಡೆಗಳನ್ನು ಕಟ್ಟಿ ತಂದರೆ ಎಂಟು ನೂರು ಜನರ ಸಿಹಿ ಮುಗಿಯಿತು. “ಅಕ್ಕಾ, ಪಾತ್ರೆ ಗೀತ್ರೆ ತರಬೇಡ, ಐವತ್ತು ಉಂಡೆ ಕಟ್ಟಿಕೊಂಡು ಬಾ” ಎಂದು ತಂಗಿ ಹೇಳಿದರೆ ಅಕ್ಕ ಬೇಸರಪಡುವಳೇ?

ಅಮೆರಿಕದ ಉಕ್ಕಿನ ಪಟ್ಟಣಗಳೆಂದು ಹೆಸರಾದ ಪಿಟ್ಸ್‌ಬರ್ಗ್ ಮತ್ತು ಯಂಗ್ಸ್‌ಟೌನ್ ಕಡೆ ಇಂಥದೇ ವಾಡಿಕೆ ಇಂದಿಗೂ ಜೀವಂತವಾಗಿದೆ. ಯೂರೋಪಿನಿಂದ ವಲಸೆ ಬಂದ ಕಾರ್ಮಿಕ ಕುಟುಂಬಗಳಲ್ಲಿ ಮದುವೆಯ ಮುನ್ನ ಚಿಕ್ಕಮ್ಮ, ದೊಡ್ಡಮ್ಮ, ನೆರೆಯವರು ತಮ್ಮ ತಮ್ಮ ಮನೆಗಳಲ್ಲಿ ಬಿಸ್ಕತ್ತಿನಂತಹ ಸಿಹಿ ತಿನಿಸುಗಳನ್ನು ಮಾಡಿ ತಂದು ಒಂದು ಉದ್ದ ಮೇಜಿನ ತುಂಬ ಜೋಡಿಸುತ್ತಾರೆ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ದುಬಾರಿ ಕೇಕು ತರಲಾಗದವರಿಗೆ ಇದು ನೆರವಾಯಿತೆಂದು ಅಲ್ಲಿಯವರು ಹೇಳುತ್ತಾರೆ. ಮುಗ್ಗಟ್ಟು ಕಳೆದು ಅನುಕೂಲ ಬಂದ ಮೇಲೂ ಅವರು ಆ ಮೇಜನ್ನು ಬಿಡಲಿಲ್ಲ. ಯಾರ ಮನೆಯ ತಿನಿಸು ಮೊದಲು ಖಾಲಿಯಾಯಿತೆಂಬುದೇ ಅಲ್ಲಿನ ಮದುವೆಯ ಸಂಭ್ರಮ.

ಜಗಳೂರಿನವರಿಗೆ ಕೂಡಿ ಮಾಡುವುದನ್ನು ಹೊರಗಿನವರು ಕಲಿಸಬೇಕಾದ್ದಿಲ್ಲ. ತರಳಬಾಳು ಹುಣ್ಣಿಮೆ ಮಹೋತ್ಸವ ಮೊದಲಿಗೆ ನಡೆದದ್ದು 1950ರಲ್ಲಿ ಇದೇ ಊರಿನಲ್ಲಿ. ಅಂತಹ ಉತ್ಸವಗಳ ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ರೊಟ್ಟಿಯ ಬುಟ್ಟಿಗಳು, ದವಸದ ಚೀಲಗಳು ಬಂದು ಸೇರುವುದನ್ನು ಕಂಡವರಿಗೆ ಒಂದು ಮದುವೆಯ ಎಂಟು ನೂರು ಉಂಡೆ ಯಾವ ಲೆಕ್ಕ?

ಕೇಕೇ ಬೇಕೆನ್ನುವವರಿಗೆ

ಇಷ್ಟು ಹೇಳಿದ ಮೇಲೂ ಮದುಮಗಳಿಗೆ ಕೇಕಿನ ಮೇಲೆಯೇ ಮನಸ್ಸಿದ್ದರೆ ಅವಳ ಮನಸ್ಸನ್ನು ನೋಯಿಸಬೇಕಾದ್ದಿಲ್ಲ. ಕತ್ತರಿಸಲು ಅರ್ಧ ಕೆ.ಜಿ.ಯದು ಸಾಕು, ಅದನ್ನು ಮನೆಯಲ್ಲೇ ಮಾಡಬಹುದು. ಎರಡು ಲೋಟ ಚಿರೋಟಿ ರವೆ, ಒಂದು ಲೋಟ ಪುಡಿ ಬೆಲ್ಲ ಅಥವಾ ಸಕ್ಕರೆ, ಒಂದು ಲೋಟ ಮೊಸರು, ಅರ್ಧ ಲೋಟ ಕರಗಿಸಿದ ತುಪ್ಪ ಕಲಸಿ ಅರ್ಧ ಗಂಟೆ ಮುಚ್ಚಿಡಬೇಕು. ರವೆ ಉಬ್ಬಿ ಗಟ್ಟಿಯಾದಾಗ ಹಾಲು ಸೇರಿಸಿ ಇಡ್ಲಿ ಹಿಟ್ಟಿನ ಹದಕ್ಕೆ ತಂದು, ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ, ಏಲಕ್ಕಿ ಪುಡಿ ಬೆರೆಸಿ, ತುಪ್ಪ ಸವರಿದ ಪಾತ್ರೆಗೆ ಅರ್ಧ ಮಟ್ಟಕ್ಕೆ ಹೊಯ್ಯಬೇಕು. ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಎರಡು ಬೆರಳು ಉಪ್ಪು ಹರಡಿ, ಮೇಲೊಂದು ಸಿಂಬಿಯಿಟ್ಟು, ಹತ್ತು ನಿಮಿಷ ಕಾಯಿಸಿ, ಅದರೊಳಗೆ ಈ ಪಾತ್ರೆಯನ್ನು ಇಳಿಸಿ ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡಬೇಕು. ಕಡ್ಡಿ ಚುಚ್ಚಿದರೆ ಒಣದಾಗಿ ಬರಬೇಕು. ಕ್ರೀಮಿನ ಬದಲು ಕೊಬ್ಬರಿ ತುರಿ ಉದುರಿಸಿದರೆ ಬಿಸಿಲಿಗೆ ಕರಗುವ ಭಯವಿಲ್ಲ. ಮೊದಲ ಸಲವೇ ಮದುವೆಯ ದಿನ ಪ್ರಯೋಗ ಮಾಡದೆ, ಹಿಂದಿನ ತಿಂಗಳು ಒಮ್ಮೆ ಮಾಡಿ ಮಕ್ಕಳಿಗೆ ಕೊಟ್ಟು ನೋಡಿರಿ.

ಬೀಗರೊಡನೆ ಈ ವಿಷಯ ಪ್ರಸ್ತಾಪಿಸಲು ಸರಿಯಾದ ಸಮಯ ಮಾತುಕತೆಯ ದಿನವೇ. ಮಂಟಪದ ಮುಂಗಡ ಕೊಟ್ಟು, ಅಲಂಕಾರದವರನ್ನು ಗೊತ್ತು ಮಾಡಿದ ಮೇಲೆ ಹೇಳಹೋದರೆ ಅದು ಜಿಪುಣತನದಂತೆ ಕೇಳಿಸುತ್ತದೆ. ಗಂಡಿನ ಕಡೆಯ ಹಿರಿಯರೇ ಮೊದಲು ಮಾತೆತ್ತುವುದು ಇನ್ನೂ ಲೇಸು. “ಬೀಗರೇ, ಕೇಕು ಗೀಕು ಬೇಡ, ವೇದಿಕೆಯ ಮೇಲೆ ಭೂಮದ ತಟ್ಟೆ ಇಡೋಣ, ಉಂಡೆ ಎರಡೂ ಮನೆಯವರು ಅರ್ಧರ್ಧ ಕಟ್ಟೋಣ” ಎಂದು ಗಂಡಿನ ತಂದೆ ಒಂದು ಮಾತು ಅಂದುಬಿಟ್ಟರೆ ಎದುರಿಗೆ ಕುಳಿತ ಮನುಷ್ಯನ ಮುಖ ಹೇಗೆ ಅರಳುತ್ತದೆಂಬುದನ್ನು ನೋಡಬೇಕು. ಮದುವೆಗೆ ನಾಲ್ಕು ದಿನವಿರುವಾಗ ಉಂಡೆ ಕಟ್ಟಿದರೆ ಸಾಕು. ಪೂರ್ತಿ ಒಣಗಿಸಿದ ಸ್ಟೀಲ್ ಡಬ್ಬಿಗಳಲ್ಲಿ ತುಂಬಿ ಬಿಗಿಯಾಗಿ ಮುಚ್ಚಿಟ್ಟರೆ ಹದಿನೈದು ದಿನ ಕೆಡುವುದಿಲ್ಲ. ಬೀಗರ ಊಟ ಮುಗಿಸಿ ಹೊರಡುವವರ ಬುತ್ತಿಗೂ ಕೈಯಾಡುತ್ತದೆ.